ರಟ್ಟಿನಕ್ಕನ ಮನೆಗೆ ಬಂದ ತಂಗಿ

ಜೂನ್ ಹದಿನಾಲ್ಕು, ಶನಿವಾರ. ಬೆಳಿಗ್ಗೆ ತುಂತುರು ಹನಿ. ಹನ್ನೊಂದರ ಹೊತ್ತಿಗೆ ಬಿಸಿಲು. ಸಂಜೆ ಬರೀ ಗಾಳಿ.

ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟುವುದು ಅವಳ ಇಪ್ಪತ್ತಾರು ವರ್ಷದ ಕೆಲಸ. ಅಲ್ಲಿ ಎಲ್ಲರಿಗೂ ಅವಳು ರಟ್ಟಿನಕ್ಕ. ಮದುವೆ ಬೇಡವೆಂದವಳು, ಹಾಗೆಂದದ್ದಕ್ಕೆ ಒಂದು ದಿನವೂ ಕೈಕೈ ಹಿಸುಕಿಕೊಂಡವಳಲ್ಲ. ಬೀಗ ತೆಗೆದು ಒಳಗೆ ಕಾಲಿಟ್ಟಾಗ, ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುವುದು ಅವಳ ಪಾಲಿಗೆ ದೊಡ್ಡ ಸುಖ.

ಆ ಎರಡು ಕೋಣೆಯ ಮನೆಗೆ ಮೂರು ವಾರದ ಹಿಂದೆ ತಮ್ಮ, ಕಿರಿಯ ತಂಗಿಯನ್ನು ಕರೆತಂದು ಬಿಟ್ಟ. ಅವಳ ಗಂಡ ತೀರಿಕೊಂಡು ಐದು ತಿಂಗಳಾಗಿತ್ತು, ಮಕ್ಕಳಿರಲಿಲ್ಲ.

"ನೀನೂ ಒಂಟಿ, ಅವಳೂ ಒಂಟಿ. ಜೊತೆಯಾಯ್ತು ಬಿಡಕ್ಕ," ಎಂದ.

"ಒಂಟಿ ಚಪ್ಪಲಿ ಎರಡು ಸಿಕ್ಕಿದ್ರೆ ಜೊತೆ ಆಗುತ್ತೇನೋ? ಎರಡೂ ಎಡಗಾಲಿಂದಾದ್ರೆ?" ಎಂದು ಅಕ್ಕ ನಕ್ಕಳು. ತಂಗಿ ನಗಲಿಲ್ಲ.

ರಟ್ಟಿನಕ್ಕನಿಗೆ ತಿಳಿದ ಉಪಚಾರ ಒಂದೇ. ಅಂಟು ಹಚ್ಚಿದ ಪುಸ್ತಕವನ್ನು ಭಾರದ ಕೆಳಗಿಟ್ಟ ಮೇಲೆ ಆರುವ ತನಕ ಮುಟ್ಟಬಾರದು. ಆಯಿತೇ ಎಂದು ತೆರೆದು ನೋಡಿದವರ ಕೈಗೆ ಹಾಳೆ ಕಿತ್ತು ಬರುತ್ತದೆ. ದುಃಖವೂ ಹಾಗೆಯೇ ಎಂದುಕೊಂಡಳು. ಒಳಕೋಣೆಯನ್ನು ತಂಗಿಗೆ ಬಿಟ್ಟುಕೊಟ್ಟು, ಬಾಗಿಲು ಎಳೆದುಕೊಂಡು, ಸದ್ದಾಗದಂತೆ ಓಡಾಡಿದಳು. ಊಟ ಮುಚ್ಚಿಟ್ಟು ತಾನು ಮೊದಲೇ ಉಂಡೆದ್ದಳು. ಶನಿವಾರದ ಅರ್ಧ ದಿನದ ಕೆಲಸ ಮುಗಿದರೂ, ತಂಗಿಗೆ ಮನೆ ಖಾಲಿ ಸಿಗಲಿ ಎಂದು, ಸಂಜೆಯವರೆಗೆ ಪಾರ್ಕಿನ ಬೆಂಚಿನಲ್ಲಿ ಕೂತು ಕಾಲು ಜೋಮು ಹಿಡಿಸಿಕೊಂಡಳು. ತನಗೆ ಯಾರಾದರೂ ಇಷ್ಟು ಮಾಡಿದ್ದರೆ ಕೈಮುಗಿಯುತ್ತಿದ್ದಳು.

ಈ ಶನಿವಾರವೂ ಹಾಗೆಯೇ ಕೂತಿದ್ದು ಮನೆಗೆ ಬಂದರೆ, ತಂಗಿಯ ಸೂಟ್‌ಕೇಸು ಬಾಗಿಲ ಬಳಿ ನಿಂತಿತ್ತು.

"ಅಣ್ಣನ ಮನೇಗೆ ಹೋಗ್ತೀನಿ."

"ಅತ್ತಿಗೆ ಚುಚ್ಚಿ ಮಾತಾಡ್ತಾಳೆ ಅಂತ ನೀನೇ ಅತ್ತಿದ್ದೆಯಲ್ಲೇ?"

"ಚುಚ್ಚಲಿ. ಚುಚ್ಚೋಕಾದ್ರೂ ಬಾಯಿ ತೆಗೀತಾಳಲ್ಲ! ನಿಂಗೆ ನಾನು ಭಾರ ಅಂತ ನೇರವಾಗಿ ಹೇಳಿದ್ರೆ ಆಗ್ತಿತ್ತು. ನನ್ನ ಮುಖ ನೋಡೋಕಾಗದೆ ಪಾರ್ಕಲ್ಲಿ ಕೂರ್ತೀಯಂತೆ. ಎದುರುಮನೆಯವರು ನೋಡಿದಾರೆ."

ಅಕ್ಕ ಅಂಟು, ಭಾರ, ಹಾಳೆ ಎಂದು ತಡವರಿಸುತ್ತ ಎಲ್ಲವನ್ನೂ ಹೇಳಿದಳು.

"ನಾನೇನು ಪುಸ್ತಕಾನಾ ಅಕ್ಕಾ?" ತಂಗಿಯ ದನಿ ಒಡೆಯಿತು. "ಹದಿನೆಂಟು ವರ್ಷ ಪಕ್ಕದಲ್ಲಿ ಅವ್ರು ಗೊರಕೆ ಹೊಡೀತಿದ್ರು. ಬೈಕೊಂಡೇ ಮಲಗ್ತಿದ್ದೆ. ಈಗ ಆ ಸದ್ದಿಲ್ಲದೆ ನಿದ್ದೆ ಹತ್ತಲ್ಲ. ನೀನು ಬಾಗಿಲು ಬೇರೆ ಎಳ್ಕೊಂಡು ಹೋಗ್ತೀಯ!"

ಅಕ್ಕ ಥಟ್ಟನೆ, "ನಾನೂ ಗೊರಕೆ ಹೊಡೀತೀನಿ ಕಣೇ," ಎಂದಳು.

"ಹಾಗಂತ ಹೇಳಿದ್ಯಾರು ನಿಂಗೆ?"

"ಯಾರೂ ಇಲ್ಲ. ಹೊಡೀಬಹುದು ಅಂತ."

ತಂಗಿ ಮೂಗು ಒರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. ಅಕ್ಕ ಸೂಟ್‌ಕೇಸನ್ನು ತಾನೇ ಒಳಗೆ ಒಯ್ದಿಟ್ಟಳು.

"ಒಂದು ಮಾತು. ಭಾನುವಾರ ಹತ್ತು ಗಂಟೆವರೆಗೆ ನನ್ನ ಮಾತಾಡಿಸಬೇಡ. ನಂಗೆ ಅಷ್ಟು ಬೇಕು, ಬೇಜಾರು ಮಾಡ್ಕೋಬೇಡ."

"ಆಗ್ಲಿ. ಹತ್ತು ಹೊಡೆದ ಕೂಡ್ಲೇ ಶುರು ಮಾಡ್ತೀನಿ ನೋಡು."

ಒಳಕೋಣೆಯ ಬಾಗಿಲು ಗಾಳಿಗೆ ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಮನೆಯಲ್ಲಿ ರಟ್ಟು ಕಟ್ಟುವ ಬಿಡಿ ಕೆಲಸಕ್ಕೆಂದು ಇಟ್ಟುಕೊಂಡಿದ್ದ ಕಬ್ಬಿಣದ ಭಾರವನ್ನು ಅಕ್ಕ ಎತ್ತಿ ತಂದು ಅದಕ್ಕೆ ಅಡ್ಡ ಇಟ್ಟಳು. ಆಮೇಲೆ ಇಬ್ಬರೂ ಅಂಗಡಿಗೆ ಹೋಗಿ ಬಂದು, ಎದುರುಬದುರು ಕೂತು ಉಂಡರು.

ಆ ದಿನದ ಖರ್ಚು: ಬಸ್ಸಿಗೆ ಹನ್ನೆರಡು. ಹಾಲು, ಬ್ರೆಡ್ಡಿಗೆ ತೊಂಬತ್ತು. ಸದ್ದು ಮಾಡುತ್ತದೆಂದು ವರ್ಷಗಳಿಂದ ನಿಲ್ಲಿಸಿಟ್ಟಿದ್ದ ಗೋಡೆ ಗಡಿಯಾರದ ಸೆಲ್ಲಿಗೆ ಇಪ್ಪತ್ತೈದು.