ದೊಡ್ಡಮ್ಮನ ಮನೆಯ ಸೀರಿಯಲ್ ಹೊತ್ತು

ಮೊನ್ನೆ ಕುರುಗೋಡಿನಿಂದ ಬಳ್ಳಾರಿಗೆ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸರಿಬ್ಬರು ಜಗಳಕ್ಕಿಳಿದಿದ್ದರು. ‘ಆಕಿ ಅವನ್ನ ಮತ್ತ ಮನಿಯೊಳಗ ಕರೀಬಾರ್ದಿತ್ತು’ ಎಂದು ಒಬ್ಬಾಕೆ. ‘ಹೊಟ್ಟ್ಯಾಗ ಕೂಸು ಐತಿ, ಇನ್ನೇನ್ ಮಾಡ್ತಾಳ’ ಎಂದು ಇನ್ನೊಬ್ಬಾಕೆ. ಕಂಡವರ ಕಷ್ಟಕ್ಕೆ ಕರಗುವುದು ನನ್ನ ಹಳೆಯ ಚಾಳಿ. ಮುಂದಕ್ಕೆ ಬಾಗಿ, ಗಾಂಧಿನಗರದಲ್ಲಿ ಪರಿಚಯದ ವಕೀಲರೊಬ್ಬರಿದ್ದಾರೆ, ಬೇಕಾದರೆ ಮಾತನಾಡಿಸುತ್ತೇನೆ ಎಂದೆ. ಇಬ್ಬರೂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಸೀರಿಯಲ್ ರೀ ಅದು’ ಎಂದು ಜಗಳ ಮರೆತು ಒಟ್ಟಿಗೆ ನಕ್ಕರು. ಬಳ್ಳಾರಿ ಬರುವವರೆಗೂ ನಾನು ಕಿಟಕಿಯ ಆಚೆಯೇ ನೋಡುತ್ತ ಕೂತೆ.

ಹಾಗೆ ಕೂತವನಿಗೆ ನೆನಪಾದದ್ದು ಪಾರ್ವತಿನಗರದ ದೊಡ್ಡಮ್ಮನ ಮನೆ. ಕಾಲೇಜು ಓದುವಾಗ ನಾನು ಅಲ್ಲೇ ಇದ್ದೆ. ಸಂಜೆ ಸೀರಿಯಲ್ ಶುರುವಾಯಿತೆಂದರೆ ಆ ಮನೆಯಲ್ಲಿ ಕುಕ್ಕರಿಗೂ ಕೂಗುವ ಹಕ್ಕಿರಲಿಲ್ಲ. ದೊಡ್ಡಮ್ಮ ಟೀವಿಯೊಳಗಿನವರನ್ನು ಹೆಸರು ಹಿಡಿದು ಬೈಯುತ್ತಿದ್ದಳು, ಬುದ್ಧಿ ಹೇಳುತ್ತಿದ್ದಳು, ಅವರು ಕೇಳದಿದ್ದರೆ ಆ ಸಿಟ್ಟನ್ನು ನಮ್ಮ ರೊಟ್ಟಿಯ ಮೇಲೆ ತೀರಿಸುತ್ತಿದ್ದಳು. ದೊಡ್ಡಪ್ಪ ಪತ್ರಿಕೆ ಅಡ್ಡ ಹಿಡಿದು ಕೂರುತ್ತಿದ್ದ. ಪುಟ ಮಾತ್ರ ತಿರುಗುತ್ತಿರಲಿಲ್ಲ. ಪಕ್ಕದ ಮನೆಯ ಈರಮ್ಮಜ್ಜಿ ತನ್ನದೇ ಮಣೆ ತಂದು ಎಲ್ಲರಿಗಿಂತ ಮುಂದೆ ಹಾಕಿಕೊಳ್ಳುತ್ತಿದ್ದಳು. ನಾನೋ, ಇದೆಲ್ಲ ನನಗೆ ತಕ್ಕದ್ದಲ್ಲವೆಂದು ತಿಳಿದವನು. ಒಂದು ದಪ್ಪ ಪುಸ್ತಕ ಹಿಡಿದು ಮೂಲೆಯಲ್ಲಿ ಕೂತು, ಒಂದು ಮಾತೂ ತಪ್ಪದಂತೆ ಕೇಳಿಸಿಕೊಳ್ಳುತ್ತಿದ್ದೆ.

ಆ ವರ್ಷ ಯುಗಾದಿಗೆಂದು ಬಂದ ಶೈಲಕ್ಕ ಸಿರುಗುಪ್ಪಕ್ಕೆ ಮರಳಲಿಲ್ಲ. ಶೈಲಕ್ಕ ದೊಡ್ಡಮ್ಮನ ಮಗಳು, ಮದುವೆಗೆ ಮುಂಚೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು. ಮದುವೆಯಾದ ಮೇಲೂ ಕಲಿಸಬಹುದೆಂದು ಒಪ್ಪಿದ್ದ ಗಂಡನ ಮನೆಯವರು ಆಮೇಲೆ ಬೇಡವೆಂದರು. ಅಕ್ಕಿ ಗಿರಣಿಯವರ ಸೊಸೆ ಕೆಲಸಕ್ಕೆ ಹೋದರೆ ಜನ ಆಡಿಕೊಳ್ಳುತ್ತಾರೆ ಎಂಬುದು ಅತ್ತೆಯ ವಾದ. ಗಂಡ ಬಸವರಾಜ ಭಾವ ಅತ್ತಲೂ ಅಲ್ಲ, ಇತ್ತಲೂ ಅಲ್ಲ, ಬಾಯಿಯೇ ಬಿಡಲಿಲ್ಲ. ಬಳ್ಳಾರಿಯಲ್ಲೂ ಯಾರೂ ಬಾಯಿ ಬಿಡಲಿಲ್ಲ. ದಿನಗಳು ಹೋದವು, ಅಕ್ಕನ ಸೀರೆಗಳು ಪೆಟ್ಟಿಗೆಯಿಂದ ಕಪಾಟಿಗೆ ಬಂದವು, ಆದರೂ ‘ಯಾಕ ಬಂದಿ’ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಅದೇ ದಿನಗಳಲ್ಲಿ ಸೀರಿಯಲ್ಲಿನ ಮೃದುಲಾ ಎಂಬ ಸೊಸೆ, ಅತ್ತೆ ಹಾಡಲು ಬಿಡಲಿಲ್ಲವೆಂದು ಗಂಡನ ಮನೆ ಬಿಟ್ಟಳು. ದೊಡ್ಡಮ್ಮ ಅಭ್ಯಾಸಬಲದಿಂದ ‘ಹುಚ್ಚಿ, ಹಾಡಿನ ಸಲುವಾಗಿ ಸಂಸಾರ ಬಿಡ್ತಾರೇನು’ ಎಂದುಬಿಟ್ಟಳು. ಶೈಲಕ್ಕ ಎದ್ದು ಅಡುಗೆಮನೆಗೆ ಹೋದಳು. ದೊಡ್ಡಮ್ಮನಿಗೆ ಮುಂದಿನ ಕಥೆ ಕಾಣಿಸಲೇ ಇಲ್ಲ. ಅವಳು ನೋಡುತ್ತಿದ್ದುದು ಅಡುಗೆಮನೆಯ ಬಾಗಿಲನ್ನು.

ಮರುದಿನ ಮೃದುಲಾ ತವರಿಗೆ ಬಂದಳು. ಅವಳ ತಾಯಿ ಮುಖದ ಮೇಲೆ ಬಾಗಿಲು ಹಾಕಿದಳು. ದೊಡ್ಡಮ್ಮ ಕೂತಲ್ಲೇ ಸೆಟೆದಳು.

‘ಹೆತ್ತಾಕಿ ಬಾಗ್ಲಾ ಹಾಕತಾಳಲ್ಲ. ನಾನಾಗಿದ್ರ ಬಾ ಒಳಗ, ಮೊದಲ ಊಟ ಮಾಡು ಅಂತಿದ್ದೆ.’

‘ಊಟ ಆದಮ್ಯಾಲೆ?’ ಎಂದಳು ಶೈಲಕ್ಕ, ಟೀವಿಯಿಂದ ಕಣ್ಣು ತೆಗೆಯದೆ.

ದೊಡ್ಡಮ್ಮನೂ ಟೀವಿಯ ಕಡೆಗೇ ಮುಖ ಮಾಡಿ ಹೇಳಿದಳು. ‘ಆಮ್ಯಾಲೆ ಆಕಿ ಏನಂತಾಳ, ಕೇಳತಿದ್ದೆ.’

‘ಬಂದ ದಿನಾನ ಕೇಳಬೇಕಿತ್ತು’ ಎಂದಿತು ಪತ್ರಿಕೆ. ಈರಮ್ಮಜ್ಜಿ, ‘ಮಾತಾಡಬ್ಯಾಡ್ರಿ, ಏನೂ ಕೇಳವಲ್ದು’ ಎಂದು ಗದರಿದಳು. ಆ ರಾತ್ರಿ ಊಟಕ್ಕೆ ತಾಯಿ ಮಗಳು ಕೊನೆಗೆ ಕೂತರು, ಬಹಳ ಹೊತ್ತು ಏಳಲಿಲ್ಲ.

ಭಾವ ಬಂದದ್ದು ಅದಾದ ವಾರದೊಳಗೆ, ಅದೂ ಸರಿಯಾಗಿ ಸೀರಿಯಲ್ ಹೊತ್ತಿಗೆ. ಸೋನಾ ಮಸೂರಿಯ ಚೀಲ ಇಳಿಸಿ, ಮಾತನಾಡಿಸುವವರಿಲ್ಲದೆ, ಕುರ್ಚಿಯ ತುದಿಯಲ್ಲಿ ಕೂತ. ಟೀವಿಯಲ್ಲೂ ಮೃದುಲಾಳ ಗಂಡ ಆಕೆಯನ್ನು ಕರೆದೊಯ್ಯಲು ಬಂದಿದ್ದ. ಕೈಯಲ್ಲಿ ಬಂಗಾರದ ಸರ. ಹಾಡಿನ ಮಾತೇ ಇಲ್ಲ.

‘ಸರಾ ಯಾರು ಕೇಳ್ಯಾರ ಇವನ್ನ’ ಎಂದಳು ಈರಮ್ಮಜ್ಜಿ. ಜಾಹೀರಾತು ಬಂದದ್ದೇ ಭಾವನ ಕಡೆ ತಿರುಗಿದಳು. ‘ನೀನಾಗಿದ್ರ ಏನ್ ಮಾಡ್ತಿದ್ದಿಪಾ?’

ನಾನು ಪುಸ್ತಕವನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದೆ. ಭಾವ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ.

‘ಅವ್ವನ ಮುಂದ ನಿಂತು ಮಾತಾಡಬೇಕಿತ್ತರಿ ಅವ. ಮಾತಾಡ್ಲಿಲ್ಲ. ತಪ್ಪು ಅವಂದ ಐತಿ.’

‘ಈಗರ ಮಾತಾಡ್ಯಾನೇನು?’ ಅಡುಗೆಮನೆಯ ಬಾಗಿಲಲ್ಲಿ ಶೈಲಕ್ಕ.

‘ಮಾತಾಡ್ಯಾನ, ನಿನ್ನೆ ಸಂಜಿಮುಂದ. ಸಿರುಗುಪ್ಪದ ಸಾಲಿಯವರನ್ನೂ ಕೇಳಿ ಬಂದಾನ.’

ಈರಮ್ಮಜ್ಜಿಗೆ ತಡೆಯಲಾಗಲಿಲ್ಲ. ‘ನಿನ್ನಿ ಸೀರಿಯಲ್ ನಾನೂ ನೋಡೀನಿ, ಅದೆಲ್ಲ ಎಲ್ಲಿ ಬಂತು? ಅದರಾಗ ಸಿರುಗುಪ್ಪ ಯಾವಾಗ ಬಂತು?’

ಮೊದಲು ನಕ್ಕವನು ದೊಡ್ಡಪ್ಪ. ಪತ್ರಿಕೆ ಅಲುಗಾಡಿತು, ಆಮೇಲೆ ಕೆಳಗೆ ಬಿತ್ತು. ಶೈಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭಾವ ಮಾತ್ರ ನಗಲಿಲ್ಲ, ಅವಳು ಏನು ಹೇಳುವಳೋ ಎಂದು ನೋಡುತ್ತಲೇ ಇದ್ದ.

‘ನಿಮ್ಮ ಮಾತು ಸರಿ. ಅತ್ತಿಯವರು ಒಂದು ಮಾತು ಫೋನಿನ್ಯಾಗ ಹೇಳ್ಲಿ, ಬರ್ತೀನಿ’ ಎಂದಳು ಶೈಲಕ್ಕ. ಭಾವ ಊಟ ಮಾಡಿ, ಖಾಲಿ ಕೈಯಲ್ಲಿ ಆದರೂ ಹಗುರಾಗಿ, ಕೊನೆಯ ಬಸ್ಸು ಹಿಡಿದ.

ಅತ್ತೆಯ ಫೋನು ಬರಲು ಹಲವು ದಿನ ಹಿಡಿಯಿತು. ಬಂತು. ಶಾಲೆ ಶುರುವಾಗುವ ಮುನ್ನ ಶೈಲಕ್ಕ ಹೊರಟಳು. ಟೀವಿಯ ಮೃದುಲಾ ಅದಕ್ಕೂ ಮೊದಲೇ ಸರ ಹಾಕಿಸಿಕೊಂಡು ಕಣ್ಣೊರೆಸಿಕೊಂಡು ಹೋಗಿದ್ದಳು. ದೊಡ್ಡಮ್ಮ ಅಂದು ಟೀವಿ ಆರಿಸಿ, ‘ಇದನ್ನ ಬರದವಂಗ ಹೆಣ್ಣುಮಕ್ಕಳಿಲ್ಲ ಕಾಣತೈತಿ’ ಎಂದಿದ್ದಳು. ಆ ಕಥೆಯನ್ನು ಅವಳು ಮತ್ತೆ ನೋಡಲಿಲ್ಲ.

ಮೊನ್ನೆ ಬಸ್ಸಿಳಿದವನಿಗೆ ಬಳ್ಳಾರಿಯ ಕೆಲಸ ಬೇಗ ಮುಗಿಯಿತು. ಏನನ್ನಿಸಿತೋ, ಸಿರುಗುಪ್ಪದ ಬಸ್ಸು ಹತ್ತಿದೆ. ನಾನು ಹೋದಾಗ ಶೈಲಕ್ಕ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಭಾವ ಕಡಲೆ ಸುಲಿಯುತ್ತಿದ್ದ. ಅವನ ತಾಯಿ, ಅದೇ ಅತ್ತೆ, ಟೀವಿಯ ಎದುರು ಕಾಲು ಚಾಚಿ ಕೂತಿದ್ದರು. ಪರದೆಯ ಮೇಲೆ ಇನ್ಯಾರೋ ಅತ್ತೆ ಇನ್ಯಾರೋ ಸೊಸೆಯ ಕೈಚೀಲ ಕಸಿದುಕೊಂಡಳು.

‘ನೋಡಪಾ ಈ ಮುದುಕಿನ್ನ’ ಎಂದು ಅವರು ನನಗೆ ದೂರು ಹೇಳಿದರು. ‘ಸೊಸಿ ಕೆಲಸಕ್ಕ ಹೋದ್ರ ಇಕಿ ಗಂಟೇನು ಹೋಗತೈತಿ?’

ಶೈಲಕ್ಕ ತಲೆ ಎತ್ತಲಿಲ್ಲ. ಕೆಂಪು ಪೆನ್ನು ಮಾತ್ರ ಒಂದು ಗಳಿಗೆ ನಿಂತು ಮುಂದೆ ಹೋಯಿತು. ಭಾವ ನನ್ನ ಅಂಗೈಗೆ ಕಡಲೆ ಸುರಿದು ಕಣ್ಣು ಮಿಟುಕಿಸಿದ.

ನನ್ನ ಚೀಲದಲ್ಲಿ ಓದಲು ಪುಸ್ತಕವಿತ್ತು. ನಾನು ತೆಗೆಯಲಿಲ್ಲ. ಅವರ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ‘ಮೊದಲಿಂದ ಹೇಳ್ರಿ, ಈಕಿ ಯಾಕ ಹಿಂಗ ಮಾಡತಾಳ?’ ಎಂದು ಕೇಳಿದೆ.