ಹಳಿಯ ಕೆಳಗಿನ ಡಾಂಬರು

ತೊಂಬತ್ತರ ದಶಕದ ಕೊನೆಗೆ ನಾನು ಸೇರಿದ ಪುಣೆಯ ಮಣ್ಣು ಪರೀಕ್ಷೆಯ ಲ್ಯಾಬಿಗೆ ಧಾರವಾಡದ ಮೇಡಂ ಒಬ್ಬರು ಮುಖ್ಯಸ್ಥರು. ಕನ್ನಡಕವನ್ನು ಹಣೆಗೇರಿಸಿ ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡುತ್ತಿದ್ದರು. ಯಾವ ತಕರಾರು ಬಂದರೂ ಅವರ ಉತ್ತರ ಒಂದೇ: “ಅಗದ ನೋಡೋಣ ಬರ್ರಿ.”

ಪುಣೆಯ ಅಂಚಿನ ಹಡಪಸರದಲ್ಲಿ ಕಾರ್ಖಾನೆಯೊಂದರ ಗೂಡ್ಸ್ ಹಳಿ ಎರೆಮಣ್ಣಿನ ಮೇಲಿತ್ತು. ಪ್ರತಿ ಮಳೆಗಾಲ ಕೆಸರು ಜಲ್ಲಿಯೊಳಗೆ ಉಕ್ಕಿ ಹಳಿ ಕುಸಿಯುತ್ತಿತ್ತು. ಕಾರ್ಖಾನೆಯವರು ಸಲಹೆ ಕೇಳಿದಾಗ, ಇಟಲಿಯ ಅತಿವೇಗದ ರೈಲುಮಾರ್ಗಗಳಲ್ಲಿ ಮಾಡುವಂತೆ ಮೇಡಂ ಜಲ್ಲಿಯ ಕೆಳಗೆ ಡಾಂಬರಿನ ಪದರ ಹಾಕಿಸಿದರು. ಮೊದಲ ಮಳೆಗೇ ಹಳಿ ಒಂದು ಕಡೆ ತಗ್ಗಿತು. ಬೆಳಗಾವಿ ಕಡೆಯವರಾದ ಕಾರ್ಖಾನೆಯ ಮ್ಯಾನೇಜರು ಸಿಟ್ಟಾದರು.

“ಡಾಂಬರ ರಸ್ತೆಕ್ಕ ಹಾಕೂದ್ರಿ, ಹಳಿಗಲ್ಲ. ಎಲ್ಲಾ ಕೀಳಸ್ತೀನಿ.”

“ಕೀಳೂದರ ಮೊದಲ ಅಗದ ನೋಡೋಣ ಬರ್ರಿ,” ಎಂದರು ಮೇಡಂ.

ಎಲ್ಲರೆದುರು ಅಗೆಸಿದರು. ಪದರ ಗಟ್ಟಿಯಾಗಿತ್ತು, ನಡುಭಾಗದಲ್ಲಿ ಅದರ ಕೆಳಗಿನ ಮಣ್ಣು ಒಣಗಿಯೇ ಇತ್ತು. ಪದರಕ್ಕೂ ಹಳಿ ಪಕ್ಕದ ಗಟಾರಕ್ಕೂ ನಡುವೆ ಉಳಿದ ಅಂಚಿನಲ್ಲಿ ಮಾತ್ರ ನೀರು ನುಗ್ಗಿತ್ತು.

“ಪದರ ಗಟಾರದ ತನಕಾ ಬರಬೇಕಿತ್ರಿ. ಅಷ್ಟು ನನ್ನ ತಪ್ಪು. ಡಾಂಬರಿಂದೇನೂ ತಪ್ಪಿಲ್ಲ,” ಎಂದರು. ದನಿ ಸ್ವಲ್ಪವೂ ಇಳಿಯಲಿಲ್ಲ. ಮ್ಯಾನೇಜರು ಒಣಮಣ್ಣನ್ನು ಮುಟ್ಟಿ ನೋಡಿ, ಪದರವನ್ನು ಗಟಾರದವರೆಗೆ ಚಾಚಲು ಒಪ್ಪಿಕೊಂಡರು.

ಮರುವರ್ಷ ಮಳೆಗಾಲದಲ್ಲಿ ಮೇಡಂ ಜೊತೆ ನಾನು ಹೋದಾಗ ತುಂಬಿದ ವ್ಯಾಗನ್ನುಗಳು ಸಲೀಸಾಗಿ ಸಾಗುತ್ತಿದ್ದವು. ಮ್ಯಾನೇಜರು ಬೇರೆ ಕಾರ್ಖಾನೆಯವರನ್ನು ಕರೆತಂದು, ಹಳಿಯ ಕೆಳಗೆ ಡಾಂಬರು ಏಕೆ ಬೇಕೆಂದು ಮರಾಠಿಯಲ್ಲಿ ವಿವರಿಸುತ್ತಿದ್ದರು. ಮೇಡಂ ನಡುವೆ ಬಾಯಿ ಹಾಕದೆ, ಅತಿಥಿಗಳ ಹಿಂದೆ ನಿಂತು ಪೂರ್ತಿ ಕೇಳಿದರು.