ಮುಳುಕಿಗೆ ದನಿ ಕೊಟ್ಟ ಸಪ್ಪಲಮ್ಮ

ಅವತ್ತು ಬೆಳಿಗ್ಗೆಯಿಂದ ಸಪ್ಪಲಮ್ಮನ ಗಂಟಲಲ್ಲಿ ನೀರೂ ಇಳಿಯುತ್ತಿರಲಿಲ್ಲ. ತಟ್ಟೆಯಲ್ಲಿದ್ದ ಮುದ್ದೆ ಹಾಗೆಯೇ ಆರಿಹೋಯಿತು. ಸೀರೆಯ ನೆರಿಗೆ ಹಿಡಿದಷ್ಟು ಸಲವೂ ಬೆವೆತ ಬೆರಳುಗಳಿಂದ ಜಾರಿತು. ಹೊರಗೆ ಗಂಡ ಜಯಕುಮಾರ್ ತನ್ನ ಟ್ಯಾಕ್ಸಿಯ ಗಾಜು ಒರೆಸುತ್ತಾ ದಾರಿಯಲ್ಲಿ ಹೋಗುವವರಿಗೆಲ್ಲ ಸುದ್ದಿ ಹೇಳುತ್ತಿದ್ದ.

"ಇವತ್ತು ನಮ್ಮೋಳ್ದು ಹಾಡಿನ ರೆಕಾರ್ಡಿಂಗ್ ಐತೆ ಕಣಪ್ಪಾ, ದೇವನಹಳ್ಳೀಲಿ."

"ರೀ, ವಸಿ ಸುಮ್ಕಿರ್ತೀರಾ?" ಎಂದು ಅವಳು ಕಿಟಕಿಯಿಂದಲೇ ಬೇಡಿಕೊಂಡಳು.

"ಯಾಕೆ, ಕದ್ದ ಮಾಲು ಸಾಗಿಸ್ತಾ ಇದೀನಾ?"

ಜಯಕುಮಾರನಿಗೆ ಹೆದರಿಕೆ ಎಂದರೇನೆಂದು ಗೊತ್ತಿರಲಿಲ್ಲ. ವಿಮಾನ ನಿಲ್ದಾಣ ಶುರುವಾದಾಗಿನಿಂದ ಅಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಅವನು ಯಾವ ದೇಶದವರು ಹಿಂದೆ ಕೂತರೂ ಮಾತಿಗೆಳೆಯುತ್ತಿದ್ದ. ಅವನ ಹೆಂಡತಿಯ ಸ್ವಭಾವ ಬೇರೆ. ಹೊಸಕೋಟೆ ತಾಲ್ಲೂಕು ನಂದಗುಡಿ ಹೋಬಳಿಯ ಒಂದು ಚಿಕ್ಕ ಊರಿನಲ್ಲಿ ಸಪ್ಪಲಮ್ಮ ಅಂಗನವಾಡಿ ಟೀಚರ್. ಮಕ್ಕಳ ಮುಂದೆ ಕಾಗೆಯಾಗಿ ಕೂಗುತ್ತಿದ್ದಳು, ಎಮ್ಮೆಯಾಗಿ ನಡೆಯುತ್ತಿದ್ದಳು. ತಪಾಸಣೆಗೆ ಮೇಡಂ ಬಂದರೆ ಮಾತ್ರ ತನ್ನ ಹೆಸರು ಹೇಳುವುದಕ್ಕೂ ತಡವರಿಸಿ, ಸಹಾಯಕಿ ಪಿಳ್ಳಮ್ಮನನ್ನು ಮುಂದೆ ತಳ್ಳುತ್ತಿದ್ದಳು.

ಈ ಅಂಜಿಕೆ ಚಿಕ್ಕಂದಿನದು. ಶಾಲೆಯಲ್ಲಿ ಒಮ್ಮೆ ಧ್ವಜ ಹಾರಿಸಿದ ದಿನ ಹೆಡ್‌ಮಾಸ್ಟರು ಅವಳೊಬ್ಬಳನ್ನೇ ಮುಂದೆ ಕರೆದು ಹಾಡು ಎಂದರು. ಅವಳು ಒಂದು ಸಾಲು ಹಾಡಿ ನಿಂತಳು. ಮತ್ತೆ ಅದೇ ಸಾಲು ಹಾಡಿದಳು, ಮತ್ತೆ ನಿಂತಳು. ಸಾಲಿನಲ್ಲಿ ನಿಂತಿದ್ದ ಮಕ್ಕಳು ಕಿಸಕ್ಕನೆ ನಕ್ಕರು. "ಬಾಯಿಪಾಠ ಮಾಡ್ದೆ ಬಂದಿದ್ದೀಯ" ಎಂದು ಹೆಡ್‌ಮಾಸ್ಟರು ಹಿಂದಕ್ಕೆ ಕಳಿಸಿದರು. ತರಗತಿಯಲ್ಲಿ ಒಬ್ಬರು ಹೇಳಿ ಉಳಿದವರು ತಿರುಗಿ ಹಾಡಿ ಕಲಿತ ಹಾಡು ಪೂರ್ತಿ ಬರುತ್ತಿತ್ತು. ಆದರೂ ಯಾಕೆ ನಿಂತೆ ಎಂಬುದು ಅವಳಿಗೂ ತಿಳಿಯಲಿಲ್ಲ. ಆಮೇಲೆ ಎಲ್ಲಿಯೂ ಒಬ್ಬಳೇ ಹಾಡಲಿಲ್ಲ.

ಮದುವೆಯಾಗಿ ಬಂದ ಮನೆಯಲ್ಲಿ ಹಾಡಿಗೇನೂ ಬರವಿರಲಿಲ್ಲ. ಅತ್ತೆ ಕದಿರಮ್ಮ ಸುತ್ತಲ ಹಳ್ಳಿಗಳಿಗೆಲ್ಲ ಸೋಬಾನೆಗೆ ಹೆಸರಾದವಳು. ಯಾರ ಮನೆಯಲ್ಲಿ ಚಪ್ಪರ ಹಾಕಿದರೂ ಅವಳಿಗೆ ಕರೆ ಬರುತ್ತಿತ್ತು. ಹಾಡಿನ ಸಾಲಿಗೆ ಅವರು ಸೊಲ್ಲು ಎನ್ನುತ್ತಾರೆ. ಕದಿರಮ್ಮ ಸೊಲ್ಲು ಎತ್ತುತ್ತಿದ್ದಳು, ಹಿಂದೆ ಕೂತ ನಾಲ್ಕೈದು ಹೆಂಗಸರು ಅದನ್ನೇ ತೆಗೆದುಕೊಂಡು ತಿರುಗಿ ಹಾಡುತ್ತಿದ್ದರು. ಸಪ್ಪಲಮ್ಮ ಆ ಹಿಂದಿನ ಸಾಲಿನವಳು. ಸೆರಗು ಮುಂದಕ್ಕೆ ಎಳೆದುಕೊಂಡು ಕೂತರೆ ಯಾರ ದನಿ ಯಾವುದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅಲ್ಲಿ ಅವಳಿಗೆ ಹಾಯಾಗಿತ್ತು.

ಇಂಥವಳು ಕಾರ್ಟೂನಿಗೆ ದನಿ ಕೊಡುವಂತಾದದ್ದು ಜಯಕುಮಾರನ ಬಾಯಿಂದ. ಮಕ್ಕಳಿಗೆ ಅವಳು ಕಥೆ ಹೇಳುವುದನ್ನು ಅಂಗನವಾಡಿಯ ಕಿಟಕಿಯ ಹೊರಗೆ ನಿಂತು ಫೋನಿನಲ್ಲಿ ಹಿಡಿದುಕೊಂಡಿದ್ದ. ಟ್ಯಾಕ್ಸಿ ಹತ್ತಿದವರಿಗೆಲ್ಲ ಅದನ್ನು ಕೇಳಿಸುತ್ತಿದ್ದ. ಹಾಗೆ ಕೇಳಿಸಿಕೊಂಡವರಲ್ಲಿ ಹರ್ಷಿತ ಒಬ್ಬಳು. ದೊಡ್ಡಬಳ್ಳಾಪುರದ ಹುಡುಗಿ. ಗೆಳೆಯ ವಿಜಯ್ ಜೊತೆ ಸೇರಿ ದೇವನಹಳ್ಳಿಯಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದು, ಫೋನಿನಲ್ಲಿ ನೋಡುವಂಥ ಮಕ್ಕಳ ಕಾರ್ಟೂನ್ ಸರಣಿ ಮಾಡುತ್ತಿದ್ದಳು. ಕೆರೆಯ ಹಕ್ಕಿಗಳ ಕಥೆ. ಅದರಲ್ಲಿ ಒಂದು ಪುಟ್ಟ ಗುಳುಮುಳುಕ ಹಕ್ಕಿ, ಹೆಸರು ಮುಳುಕಿ. ಚೆನ್ನಾಗಿ ಹಾಡುತ್ತದೆ, ಆದರೆ ಯಾರಾದರೂ ನೋಡಿದರೆ ಸಾಕು, ಗುಳುಕ್ಕನೆ ನೀರಿಗಿಳಿದುಬಿಡುತ್ತದೆ.

"ಅಕ್ಕ, ನನಗೆ ಇದೇ ದನಿ ಬೇಕು" ಎಂದು ಹರ್ಷಿತ ಊರಿಗೇ ಬಂದಳು. ಸಪ್ಪಲಮ್ಮ ಬಾಗಿಲ ಹಿಂದೆ ನಿಂತು ಬೇಡ ಎಂದಳು. ಆಮೇಲೆ ಯೋಚಿಸಿ ಹೇಳ್ತೀನಿ ಎಂದಳು. ಕೊನೆಗೆ ಮುಖ ಕಾಣುವುದಿಲ್ಲವಲ್ಲ ಎಂಬ ಒಂದೇ ಧೈರ್ಯದಿಂದ ಒಪ್ಪಿದಳು.

ಮಾತು ಸಲೀಸಾಗಿ ಬಂತು. ಮುಚ್ಚಿದ ಕೋಣೆಯಲ್ಲಿ ಮೈಕಿನ ಮುಂದೆ ಕಣ್ಣು ಮುಚ್ಚಿ ನಿಲ್ಲುವಳು. ಕಿವಿಯ ಹೆಡ್‌ಫೋನಿನಲ್ಲಿ ಹರ್ಷಿತ ಕೊಕ್ಕರೆಯ ಮಾತು ಹೇಳಿದರೆ ಇವಳು ಮುಳುಕಿಯ ಮಾತು ಹೇಳುವಳು. ಕಂತುಗಳು ಹೊರಬಂದ ಮೇಲೆ ಅಂಗನವಾಡಿಯ ಮಕ್ಕಳು ಫೋನಿನ ಮುಂದೆ ಗುಂಪಾಗಿ ಕೂರುತ್ತಿದ್ದವು. ಮುಳುಕಿ ಬಾಯಿ ತೆರೆದೊಡನೆ ಒಮ್ಮೆ ಫೋನು ನೋಡುತ್ತಿದ್ದವು, ಒಮ್ಮೆ ಟೀಚರ ಮುಖ ನೋಡುತ್ತಿದ್ದವು. ಸಪ್ಪಲಮ್ಮ ನಾಚಿ ಮುಖ ತಿರುಗಿಸುತ್ತಿದ್ದಳು. ಆದರೆ ಗುಂಪಿನಲ್ಲಿ ಕರಗದ, ತನ್ನದೇ ಎಂದು ಗುರುತಾಗುವ ದನಿ ಅವಳಿಗೆ ಸಿಕ್ಕಿದ್ದು ಅದೇ ಮೊದಲು. ಅದು ಅವಳಿಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತು ಎಂಬುದನ್ನು ಗಂಡನಿಗೂ ಹೇಳಿರಲಿಲ್ಲ.

ಕೊನೆಯ ಕಂತಿನಲ್ಲಿ ಮುಳುಕಿ ಕೆರೆ ಏರಿಯ ಮೇಲೆ ಬಂದು ಎಲ್ಲ ಹಕ್ಕಿಗಳ ಎದುರು ಹಾಡಬೇಕು. ಹರ್ಷಿತ ಹಾಡು ಬರೆದು ಅದಕ್ಕೆ ಸೋಬಾನೆಯ ಧಾಟಿ ಕೂಡಿಸಿದ್ದಳು. ಹಿಂದಿನ ವಾರ ಅದಕ್ಕಾಗಿ ಹೋದಾಗ ಸಪ್ಪಲಮ್ಮ ಒಂದು ಸಾಲು ಹಾಡಿ ನಿಂತಳು. ಎಷ್ಟು ಸಲ ಶುರು ಮಾಡಿದರೂ ಅಷ್ಟೇ. ಸಾಲು ಮುಗಿದೊಡನೆ ಮುಂದಿನ ಪದವೇ ಹೊರಡುತ್ತಿರಲಿಲ್ಲ.

ಹರ್ಷಿತ ಬೈಯಲಿಲ್ಲ, ಅದೇ ಕಷ್ಟವಾಯಿತು. "ಇನ್ನೊಂದು ದಿನ ನೋಡೋಣ ಅಕ್ಕ. ಆಗ್ಲಿಲ್ಲ ಅಂದ್ರೆ ಬೇರೆ ಗಾಯಕಿ ಕೈಲಿ ಹಾಡಿಸ್ತೀವಿ. ಆದ್ರೆ ಒಂದು ಹಕ್ಕಿಗೆ ಎರಡು ದನಿ ಇರೋಕಾಗಲ್ಲ. ಹಿಂದಿನ ಮಾತೆಲ್ಲ ಅವರಿಂದಾನೇ ಹೊಸದಾಗಿ ಹೇಳಿಸ್ಬೇಕಾಗುತ್ತೆ."

"ಅದಕ್ಕೇನಮ್ಮ, ಆಗ್ಲಿ" ಎಂದು ಹೇಳಿ ಬಂದವಳು ಸೂಲಿಬೆಲೆ ದಾಟುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತಿದ್ದಳು.

ಇವತ್ತು ಆ ಇನ್ನೊಂದು ದಿನ. ಮಂಡಿ ನೋವಿಗೆ ದೇವನಹಳ್ಳಿಯ ಡಾಕ್ಟರಿಗೆ ತೋರಿಸಬೇಕೆಂದು ಕದಿರಮ್ಮನೂ ಟ್ಯಾಕ್ಸಿ ಹತ್ತಿದಳು. ಇದು ಬೇರೆ ಎಂದು ಸಪ್ಪಲಮ್ಮನಿಗೆ ಮತ್ತಷ್ಟು ಪುಕುಪುಕು ಶುರುವಾಯಿತು. ಅತ್ತೆಯ ಎದುರಿಗೆ ಒಂದು ದಿನವೂ ಮುಂದಾಗಿ ಹಾಡಿದವಳಲ್ಲ.

"ಡಾಕ್ಟ್ರು ಮೂರು ಗಂಟೆ ಮೇಲೆ ಬತ್ತಾರಂತೆ. ಅಲ್ಲೀಗಂಟ ನಿಮ್ ಹಾಡೇ ಕೇಳಾನ" ಎಂದಳು ಕದಿರಮ್ಮ.

"ಅತ್ತೆ, ಮಹಡಿ ಮೆಟ್ಲು ಭಾಳ ಎತ್ರ. ಮಂಡಿ ನೋವಾಯ್ತದೆ."

"ಮಂಡಿ ನಂದು ಕಣೇ."

ಸ್ಟುಡಿಯೋ ಎಂದರೆ ಗೋಡೆಗೆಲ್ಲ ಸ್ಪಂಜು ಅಂಟಿಸಿದ ಒಂದು ಕೋಣೆ. ಅದರ ಪಕ್ಕ, ಗಾಜಿನ ಆಚೆ, ವಿಜಯ್ ಯಂತ್ರಗಳ ಮುಂದೆ ಕೂರುವ ಜಾಗ. ವಿಮಾನ ತಲೆಯ ಮೇಲೆ ಹೋದಾಗಲೆಲ್ಲ ಅವನು ಕೈ ಎತ್ತುತ್ತಿದ್ದ, ಎಲ್ಲರೂ ಸುಮ್ಮನಾಗಬೇಕಿತ್ತು. ಸ್ಪಂಜು ಪಕ್ಕದ ಮನೆಯ ಕುಕ್ಕರಿನ ಸದ್ದು ತಡೆಯುತ್ತಿತ್ತು, ವಿಮಾನದ್ದನ್ನಲ್ಲ. ಕದಿರಮ್ಮ ಮೂಲೆಯ ಕುರ್ಚಿಯಲ್ಲಿ ಮಂಡಿ ಒತ್ತಿಕೊಳ್ಳುತ್ತಾ ಕೂತಳು. ಸಪ್ಪಲಮ್ಮ ಕೋಣೆಯೊಳಗೆ ಹೋದಳು. ಬಾಗಿಲು ಮುಚ್ಚಿತು.

"ಕೆರೆಯ ನೀರಿನ ಮ್ಯಾಲೆ ಬೆಳುದಿಂಗ್ಳು ಹಾಸೈತೆ..."

ದನಿ ನಡುಗಿತು, ಆದರೆ ಶ್ರುತಿ ತಪ್ಪಲಿಲ್ಲ. ಸಾಲು ಮುಗಿಯಿತು. ಅವಳು ನಿಂತಳು. ಹೆಡ್‌ಫೋನಿನೊಳಗೆ ಪಾಳು ಬಾವಿಯಂಥ ಮೌನ.

"ಅಕ್ಕ, ಅಲ್ಲೇ ನಿಲ್ಲಿಸ್ಬೇಡಿ, ಮುಂದಿನ ಸಾಲು" ಎಂದ ವಿಜಯ್.

ಮತ್ತೆ ಹಾಡಿದಳು. ಮತ್ತೆ ನಿಂತಳು. ಇನ್ನೊಂದು ಸಲವೂ ಹಾಗೆಯೇ ಆಯಿತು. ಗಾಜಿನ ಆಚೆ ಹರ್ಷಿತ ಗಡಿಯಾರ ನೋಡಿದ್ದು ಅವಳಿಗೆ ಕಂಡಿತು. ಆಗಲೇ ಮೂಲೆಯಿಂದ ಕದಿರಮ್ಮ ಗೊಣಗಿದಳು.

"ಅಯ್ಯೋ, ಸೊಲ್ಲು ಬಿದ್ದೋಯ್ತಲ್ಲಪ್ಪ."

ವಿಜಯ್ ತಿರುಗಿದ. "ಏನಂದ್ರಿ ಅಜ್ಜಿ?"

"ಅವ್ಳು ಎತ್ತುದ್ಲು, ಯಾರೂ ತಗೊಳ್ನಿಲ್ಲ. ನಾಕ್ ಜನ ತಗೊಂಡ್ರೆ ತಾನೆ ಅವ್ಳು ಮುಂದುಕ್ಕೋಗಾದು? ನೀವು ನೋಡುದ್ರೆ ಗೊಂಬೆಗಳಂಗೆ ಕುಂತಿದೀರ."

ವಿಜಯ್ ಮುಂದಿನ ಮೈಕು ತೆರೆದೇ ಇತ್ತು. ಒಳಗೆ ಸಪ್ಪಲಮ್ಮನಿಗೆ ಅದು ಕೇಳಿಸಿತು. ಧ್ವಜದ ಕಂಬದ ಕೆಳಗೆ ನಿಂತಿದ್ದ ಹುಡುಗಿ ಕಾಯುತ್ತಿದ್ದದ್ದು ಏನನ್ನು ಎಂದು ಅವಳಿಗೆ ಈಗ ಹೊಳೆಯಿತು. ಆದರೆ ಹೊಳೆದ ಮಾತ್ರಕ್ಕೆ ಮುಂದಿನ ಸಾಲು ಬರಲಿಲ್ಲ.

ಹರ್ಷಿತ ಕದಿರಮ್ಮನ ಪಕ್ಕ ಕೂತಳು. "ಹಾಗಾದ್ರೆ ನೀವೇ ತಗೊಳ್ಳಿ ಅಜ್ಜಿ. ಆಮೇಲೆ ನಿಮ್ಮ ದನಿ ಬೇರೆ ಮಾಡ್ಕೋತೀವಿ."

"ನಾನಾ? ನಾನು ಎತ್ತೋಳು ಕಣವ್ವ. ಈ ವಯಸ್ನಾಗೆ ಸೊಸೆ ಹಿಂದೆ ಕುಂತು ಸೊಲ್ಲು ತಗೊಳ್ಳಾನೆ?"

"ಅಮ್ಮ, ಒಂದ್ ದಿನ ಕಣಮ್ಮ" ಎಂದ ಜಯಕುಮಾರ್.

"ನಿನ್ ಕಾರು ರಸ್ತೇಲೈತೆ. ಹೋಗಿ ನೋಡ್ಕೋ."

ಅವನು ಕಾರು ನೋಡಲು ಹೋಗಲಿಲ್ಲ, ತಾನೇ ಸೊಲ್ಲು ತೆಗೆದುಕೊಳ್ಳಲು ಹೋದ. ಹೆಂಡತಿ ಒಂದು ಸಾಲು ಮುಗಿಸಿದೊಡನೆ ಇವನು ಎಂಥ ದನಿ ತೆಗೆದನೆಂದರೆ ವಿಜಯ್ ಕಿವಿಯಿಂದ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟ. "ಗುರುವೇ, ಇದಕ್ಕಿಂತ ವಿಮಾನಾನೇ ವಾಸಿ."

ಎಲ್ಲರೂ ನಕ್ಕರು. ಸಪ್ಪಲಮ್ಮನಿಗೆ ನಗು ಬರಲಿಲ್ಲ. ನಗು ನಿಂತ ಮೇಲೆ ಹರ್ಷಿತ ಮೆಲ್ಲಗೆ ಹೇಳಿದಳು, "ಸಾಕು ಅಕ್ಕ, ಹೊರಗೆ ಬನ್ನಿ. ನಿಮಗ್ಯಾಕೆ ಹಿಂಸೆ. ನಾಳೆ ಬೇರೆಯವರಿಗೆ ಫೋನ್ ಮಾಡ್ತೀನಿ."

ಸಪ್ಪಲಮ್ಮ ಹೆಡ್‌ಫೋನ್ ತೆಗೆದಳು, ಆದರೆ ಹೊರಗೆ ಬರಲಿಲ್ಲ. ನಾಳೆ ಇನ್ಯಾರೋ ಬಂದು ಮುಳುಕಿಯಾಗುತ್ತಾರೆ. ಮಕ್ಕಳು ಫೋನು ನೋಡುತ್ತವೆ, ಆಮೇಲೆ ತನ್ನ ಮುಖ ನೋಡುತ್ತವೆ. ಆಗ ಏನು ಹೇಳುವುದು?

"ಇನ್ನೊಂದೇ ಒಂದ್ಸಲ" ಎಂದಳು. ಯಾರನ್ನೂ ಏನನ್ನೂ ಕೇಳಿದವಳಲ್ಲವಾದ್ದರಿಂದ ಜಯಕುಮಾರ್ ತಲೆ ಎತ್ತಿ ನೋಡಿದ. "ಬಾಗ್ಲು ಮುಚ್ಬೇಡಿ."

"ಬಾಗಿಲು ತೆಗೆದ್ರೆ ಹೊರಗಿನ ಸದ್ದೆಲ್ಲ ಬರುತ್ತಕ್ಕ" ಎಂದ ವಿಜಯ್. ಹರ್ಷಿತ ಬಿಡು ಎಂಬಂತೆ ಕೈ ಮಾಡಿದಳು.

ತೆರೆದ ಬಾಗಿಲಿನಿಂದ ಅತ್ತೆಯ ಕುರ್ಚಿ ನೇರವಾಗಿ ಕಾಣುತ್ತಿತ್ತು. ಸಪ್ಪಲಮ್ಮ ಮೈಕಿಗೆ ಓರೆಯಾಗಿ, ಅತ್ತ ತಿರುಗಿ ನಿಂತಳು.

"ಕೆರೆಯ ನೀರಿನ ಮ್ಯಾಲೆ ಬೆಳುದಿಂಗ್ಳು ಹಾಸೈತೆ..."

ಸಾಲು ಮುಗಿಯಿತು. ಕದಿರಮ್ಮ ತನ್ನ ಮಂಡಿಯನ್ನೇ ನೋಡುತ್ತಿದ್ದಳು. ಕೆಳಗೆ ಯಾವುದೋ ಸ್ಕೂಟರ್ ಹಾದುಹೋಯಿತು.  ಈ ಸಲವೂ ಬಿತ್ತು, ಇನ್ನು ಮುಗಿಯಿತು ಎಂದುಕೊಂಡಳು ಸಪ್ಪಲಮ್ಮ.

ಕದಿರಮ್ಮನ ಬಾಯಿ ಎರಡು ಸಲ ತೆರೆದು ಮುಚ್ಚಿತು. ಚಪ್ಪರದ ಕೆಳಗೆ ಎತ್ತಿದ ಸೊಲ್ಲನ್ನು ನೆಲಕ್ಕೆ ಬೀಳಗೊಟ್ಟರೆ ಆ ಮನೆಗೆ ಒಳ್ಳೆಯದಲ್ಲ ಎಂದು ಹುಡುಗಿಯಾಗಿದ್ದಾಗಿನಿಂದ ನಂಬಿ ಬಂದವಳು ಅವಳು. ಇಲ್ಲಿ ಚಪ್ಪರವಿರಲಿಲ್ಲ, ಮದುವೆಯಿರಲಿಲ್ಲ. ಆದರೂ ತಡೆಯಲಾಗಲಿಲ್ಲ. ಮಂಡಿಯಿಂದ ಕಣ್ಣು ತೆಗೆಯದೆಯೇ, ಒಡಕು ದನಿಯಲ್ಲಿ ತೆಗೆದುಕೊಂಡಳು.

"ಕೆರೆಯ ನೀರಿನ ಮ್ಯಾಲೆ ಬೆಳುದಿಂಗ್ಳು ಹಾಸೈತೆ..."

"ಎದ್ದು ಬಾರೆ ಹಕ್ಕಿ ಮೈಯೊದರಿ" ಎಂದು ಸಪ್ಪಲಮ್ಮನ ಬಾಯಿಂದ ಮುಂದಿನ ಸಾಲು ತಾನಾಗಿಯೇ ಬಂತು. ಅತ್ತೆ ಅದನ್ನೂ ತೆಗೆದುಕೊಂಡಳು. ಮೂರನೆಯ ಸಾಲಿಗೆ ವಿಮಾನ ಬಂತು. ವಿಜಯ್ ಕೈ ಎತ್ತಿದವನು ಹರ್ಷಿತಳ ಮುಖ ನೋಡಿ ಇಳಿಸಿಬಿಟ್ಟ. ಕಿಟಕಿಯ ಗಾಜು ಗಡಗಡ ಅದುರಿತು. ಅತ್ತೆ ಸೊಸೆ ಇಬ್ಬರೂ ನಿಲ್ಲಿಸಲಿಲ್ಲ.

ಹಾಡು ಮುಗಿದಾಗ ವಿಜಯ್ ತಲೆ ಕೆರೆದುಕೊಂಡ. "ಚೆನ್ನಾಗಿತ್ತು. ಆದ್ರೆ ಇದು ನಡೆಯಲ್ಲ. ಇದರಲ್ಲಿ ವಿಮಾನಾನೂ ಇದೆ, ಅಜ್ಜೀನೂ ಇದಾರೆ. ಬಾಗಿಲು ಮುಚ್ಚಿ ಇನ್ನೊಂದು ಸಲ ಹಾಡ್ಬೇಕು."

ಸಪ್ಪಲಮ್ಮ ಹೆಡ್‌ಫೋನ್ ಮತ್ತೆ ಹಾಕಿಕೊಂಡಳು. ಬಾಗಿಲು ಮುಚ್ಚಿತು. ಅತ್ತೆ ಕಾಣದಾದಳು. ಹೊರಗೆ ಕದಿರಮ್ಮನ ಮುಂದೆ ಇನ್ನೊಂದು ಮೈಕು ಇಟ್ಟು, ಸೆರಗಿನ ಮೇಲೆಯೇ ಹೆಡ್‌ಫೋನ್ ಹಾಕಿದರು.

"ಇದೇನಪ್ಪಾ, ಎತ್ತಿನ ಕೊಂಬಿಗೆ ಕಳಸ ಹಾಕ್ದಂಗೆ" ಎಂದದ್ದು ಸಪ್ಪಲಮ್ಮನ ಕಿವಿಗೂ ಬಂತು. ಆಮೇಲೆ ಸ್ವಲ್ಪ ಹೊತ್ತು ಬರೀ ಉಸಿರು, ಅತ್ತೆಯದು.

"ಎತ್ತೇ ಮತ್ತೆ, ಡಾಕ್ಟ್ರು ಹೊಂಟೋಯ್ತಾರೆ."

ಅವಳು ಎತ್ತಿದಳು. ದನಿ ಆಗಲೂ ನಡುಗುತ್ತಿತ್ತು. ಮುಳುಕಿಗೆ ಅದೇ ಸರಿ ಎಂದು ಹರ್ಷಿತ ಹಾಗೆಯೇ ಉಳಿಸಿಕೊಂಡಳು.

ಸಪ್ಪಲಮ್ಮನ ಅಂಜಿಕೆ ಅವತ್ತಿಗೆ ಬಿಟ್ಟುಹೋಯಿತೆಂದೇನೂ ಅಲ್ಲ. ತಪಾಸಣೆಯ ಮೇಡಂ ಬಂದರೆ ಈಗಲೂ ಪಿಳ್ಳಮ್ಮನೇ ಮುಂದೆ. ಕೊನೆಯ ಕಂತು ಬಂದ ದಿನವಂತೂ ಬೆಳಿಗ್ಗೆಯಿಂದ ಅವಳಿಗೆ ಬೇರೊಂದು ದಿಗಿಲು. ಅತ್ತೆಯ ದನಿ ತೆಗೆದು, ನಡುವಿನ ಜಾಗ ಮುಚ್ಚಿ, ಸಾಲಿಗೆ ಸಾಲು ಕೂಡಿಸಿದ್ದಾರೆಂದು ಹರ್ಷಿತ ಮೊದಲೇ ಹೇಳಿದ್ದಳು. ಅದನ್ನು ಅತ್ತೆಗೆ ಹೇಳಲು ಸಪ್ಪಲಮ್ಮನಿಗೆ ಬಾಯಿ ಬಂದಿರಲಿಲ್ಲ. ಕದಿರಮ್ಮ ಮಾತ್ರ ಕೋಲೂರಿಕೊಂಡು ಅಂಗನವಾಡಿಗೇ ಬಂದು, ಮಕ್ಕಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಳು.

ಫೋನಿನಲ್ಲಿ ಮುಳುಕಿ ಏರಿ ಹತ್ತಿ ರೆಕ್ಕೆ ಒದರಿತು. ಮೊದಲ ಸಾಲು ಮುಗಿಯುತ್ತಿದ್ದಂತೆಯೇ ಕದಿರಮ್ಮ ಗಟ್ಟಿಯಾಗಿ ಸೊಲ್ಲು ತೆಗೆದುಕೊಂಡಳು. ಹಾಡು ಅವಳನ್ನು ಬಿಟ್ಟು ಮುಂದಕ್ಕೆ ಹೋಗಿಯೇಬಿಟ್ಟಿತು.

"ಇದೇನೇ ಇದು! ಹಿಂದೆ ನಾನಿದೀನಿ ಅಂತಾನೂ ನೋಡ್ದೆ ಓಡ್ತಾವ್ಳಲ್ಲ ಇವ್ಳು?"

ಮಕ್ಕಳೆಲ್ಲ ಟೀಚರ ಮುಖ ನೋಡಿದವು. ಸಪ್ಪಲಮ್ಮ ಬಗ್ಗಿ, ಹಾಡನ್ನು ಮೊದಲಿಗೆ ತಂದಳು. ಒಂದು ಸಾಲು ಮುಗಿದೊಡನೆ ಬೆರಳಿನಿಂದ ಒತ್ತಿ ನಿಲ್ಲಿಸಿದಳು. ಮುಳುಕಿ ಬಾಯಿ ತೆರೆದುಕೊಂಡು ಹಾಗೆಯೇ ನಿಂತಿತು.

ಕದಿರಮ್ಮ ತೆಗೆದುಕೊಂಡಳು. ಸಪ್ಪಲಮ್ಮ ಮತ್ತೆ ಒತ್ತಿದಳು.